ಚಳ್ಳಕೆರೆಯ ಪೇಟೆಯಲ್ಲಿ ಎರಡು ಟೆರಾಬೈಟು

ಹಿರಿಯೂರಿನಲ್ಲಿ ಪುಣೆಯ ಹೆದ್ದಾರಿಯನ್ನು ಬಿಟ್ಟು ಬಳ್ಳಾರಿಯ ಹಾದಿಯನ್ನು ಹಿಡಿದ ಸ್ವಲ್ಪ ಹೊತ್ತಿಗೆಲ್ಲ ಪ್ರಯಾಣಿಕನ ಕಣ್ಣಿಗೆ ಒಂದು ಬಗೆಯ ಬಿಡುವು ದೊರೆಯುತ್ತದೆ. ತೋಟತುಡಿಕೆಗಳು ಹಿಂದೆ ಸರಿದು, ಬಾನು ಹಿಗ್ಗಿ, ನೆಲವು ಅದಕ್ಕೆ ಅಂಜಿದಂತೆ ಚಪ್ಪಟೆಯಾಗಿ, ಅಲ್ಲೊಂದು ಇಲ್ಲೊಂದು ಜಾಲಿಯ ಮರವೂ ಅದರ ನೆರಳಿನಲ್ಲಿ ಒತ್ತೊತ್ತಾಗಿ ನಿಂತ ಕುರಿಯ ಹಿಂಡೂ ಮಾತ್ರ ಉಳಿಯುತ್ತವೆ. ಕರ್ನಾಟಕದಲ್ಲಿ ಮಳೆ ಅತ್ಯಂತ ಕಡಿಮೆ ಬೀಳುವ ಸೀಮೆಗಳಲ್ಲಿ ಇದೂ ಒಂದು. ಮುಂಗಾರಿನ ಮೋಡ ಮಲೆನಾಡಿನಲ್ಲಿ ತನ್ನ ಚೀಲವನ್ನು ಬರಿದುಮಾಡಿಕೊಂಡು, ಬರಿಗೈ ಬೀಸುತ್ತ ಇಲ್ಲಿಗೆ ಬರುತ್ತದೆ. ಆದರೂ ಇಲ್ಲಿನ ರೈತ ಶೇಂಗಾ ಬಿತ್ತುವುದನ್ನು ಬಿಟ್ಟವನಲ್ಲ.

ಆ ಶೇಂಗಾದಿಂದಲೇ ಚಳ್ಳಕೆರೆಗೆ ‘ತೈಲನಗರಿ’ ಎಂಬ ಹೆಸರು ಬಂದದ್ದು. ಪೇಟೆಯ ಅಂಚಿನಲ್ಲಿ ಎಣ್ಣೆಯ ಗಿರಣಿಗಳ ಸಾಲು. ಗಾಳಿ ತಿರುಗಿದಾಗಲೆಲ್ಲ ಹಿಂಡಿಯ ಕಮಟು ವಾಸನೆ. ಗಿರಣಿಗಳಲ್ಲಿ ಹಲವು ಈಗ ಬಾಗಿಲು ಮುಚ್ಚಿವೆಯಾದರೂ ವಾಸನೆ ಮಾತ್ರ ಊರನ್ನು ಬಿಟ್ಟುಹೋಗಿಲ್ಲ. ಎಣ್ಣೆಯಷ್ಟೇ ಹೆಸರಾದದ್ದು ಕಂಬಳಿ. ಕರಿಯ ಕುರಿಯ ತುಪ್ಪಟದಿಂದ ನೆಯ್ದ ಆ ಕಂಬಳಿಯನ್ನು ಬೆಂಗಳೂರಿನ ಗೃಹಿಣಿಯರು ‘ಚುಚ್ಚುತ್ತದೆ’ ಎಂದು ದೂರ ಇಡಬಹುದು. ಮಾಘಮಾಸದ ಬಯಲಿನಲ್ಲಿ ಒಂದು ರಾತ್ರಿ ಕಳೆದವರು ಹಾಗೆ ಹೇಳಲಾರರು.

ಊರಿನ ಸುತ್ತಲಿನ ಹುಲ್ಲುಗಾವಲುಗಳಿಗೆ ಇಲ್ಲಿ ‘ಕಾವಲು’ ಎಂದು ಹೆಸರು. ಮೈಸೂರು ಅರಸರ ‘ಬೆಣ್ಣೆ ಚಾವಡಿ’ಗೆ ಸೇರಿದ್ದ ದನಗಳಿಗಾಗಿ ಮೀಸಲಾಗಿದ್ದು, ಮುಂದೆ ಟಿಪ್ಪು ಸುಲ್ತಾನನ ಕಾಲದಲ್ಲಿ ‘ಅಮೃತ ಮಹಲ್’ ಎಂಬ ಹೆಸರು ಪಡೆದ ಕಾವಲುಗಳ ಸಂತತಿ ಇವು. ಇವುಗಳಲ್ಲಿ ಸಾವಿರಾರು ಎಕರೆ ಈಚಿನ ವರ್ಷಗಳಲ್ಲಿ ವಿಜ್ಞಾನ ಸಂಸ್ಥೆಗಳಿಗೂ ರಕ್ಷಣಾ ಸಂಶೋಧನೆಗೂ ಸಂದಿತು. ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೆಯ ಆವರಣವಿದೆ. 2017ರಲ್ಲಿ ಉದ್ಘಾಟನೆಯಾದ ವೈಮಾನಿಕ ಪರೀಕ್ಷಾ ವಲಯದಲ್ಲಿ, 2023ರಲ್ಲಿ ಒಮ್ಮೆ, 2024ರಲ್ಲಿ ಎರಡು ಸಲ, ಇಸ್ರೋದ ರೆಕ್ಕೆಯುಳ್ಳ ವಾಹನವನ್ನು ಹೆಲಿಕಾಪ್ಟರಿನಿಂದ ಮೇಲಕ್ಕೊಯ್ದು ಬಿಟ್ಟು, ಅದು ತಾನಾಗಿಯೇ ಓಡುದಾರಿಗೆ ಇಳಿಯುವಂತೆ ಮಾಡಿ ನೋಡಿದರು. ದನ ಮೇಯಿಸುವ ನೆಲ ಬೇಲಿಯೊಳಗೆ ಸೇರಿತೆಂಬ ಸುತ್ತಣ ಹಳ್ಳಿಗಳವರ ಅಳಲು ಹಸಿರು ನ್ಯಾಯಮಂಡಳಿಯವರೆಗೂ ಹೋಗಿತ್ತು. ಅದು ಬೇರೆಯೇ ಒಂದು ಲೇಖನದ ವಿಷಯ.

ನಾನು ಚಳ್ಳಕೆರೆಗೆ ಹೋದದ್ದು ಇದಾವುದನ್ನೂ ನೋಡುವುದಕ್ಕಲ್ಲ. ಈ ಸೀಮೆಯಲ್ಲಿ ಮೂವತ್ತು ವರ್ಷ ಪಾಠ ಹೇಳಿ ನಿವೃತ್ತರಾದ ಒಬ್ಬ ಮೇಷ್ಟರು ರಜೆಯ ದಿನಗಳಲ್ಲೆಲ್ಲ ಒಂದು ಟೇಪ್ ರೆಕಾರ್ಡರನ್ನು ಹೆಗಲಿಗೆ ಹಾಕಿಕೊಂಡು ಹಟ್ಟಿಯಿಂದ ಹಟ್ಟಿಗೆ ಅಲೆದವರು. ಗೊಲ್ಲರ ಹಟ್ಟಿಗಳಲ್ಲಿ ಜುಂಜಪ್ಪನ ಕಥೆ, ಮ್ಯಾಸಬೇಡರ ಹಟ್ಟಿಗಳಲ್ಲಿ ದೇವರ ಎತ್ತುಗಳ ಪದ, ಬೀಸುವಾಗ ಕುಟ್ಟುವಾಗ ಹೆಂಗಸರು ಹೇಳುವ ತ್ರಿಪದಿ, ಸೋಬಾನೆ, ಹೀಗೆ ಕೇಳಿದ್ದನ್ನೆಲ್ಲ ಕ್ಯಾಸೆಟ್ಟಿಗೆ ಹಿಡಿದಿಟ್ಟರು. ಒಟ್ಟು 112 ಕ್ಯಾಸೆಟ್ಟುಗಳು. ಜೊತೆಗೆ ನಲವತ್ತು ಉದ್ದನೆಯ ನೋಟುಪುಸ್ತಕಗಳು. ಎರಡು ತಗಡಿನ ಪೆಟ್ಟಿಗೆಗಳಲ್ಲಿ, ಬೇವಿನ ಸೊಪ್ಪಿನ ನಡುವೆ ಅವನ್ನು ಇಟ್ಟಿದ್ದರು. ಕ್ಯಾಸೆಟ್ಟಿನ ಟೇಪು ಪ್ಲಾಸ್ಟಿಕ್ಕಿನ ಪಟ್ಟಿಯ ಮೇಲೆ ಬಳಿದ ಒಂದು ಬಗೆಯ ಕಬ್ಬಿಣದ ತುಕ್ಕು. ವರ್ಷಗಳು ಕಳೆದಂತೆ ಅಂಟು ಬಿಡುತ್ತದೆ, ಸುರುಳಿ ಒಂದಕ್ಕೊಂದು ಮೆತ್ತಿಕೊಳ್ಳುತ್ತದೆ. ಹಾಡಿದವರಲ್ಲಿ ಹೆಚ್ಚಿನವರು ಈಗಿಲ್ಲ. ಆದ್ದರಿಂದ ಇವನ್ನೆಲ್ಲ ಕಂಪ್ಯೂಟರಿಗೆ ಇಳಿಸಿ ಉಳಿಸಬೇಕೆಂದು ನಮ್ಮ ಕಾಲೇಜಿನ ಕನ್ನಡ ವಿಭಾಗ ತೀರ್ಮಾನಿಸಿತು. ಒಂದಿಷ್ಟು ಹಣವನ್ನೂ ತೆಗೆದಿಟ್ಟಿತು. ಅದನ್ನು ಹೇಗೆ ಖರ್ಚು ಮಾಡಬೇಕೆಂಬುದನ್ನು ನಿರ್ಧರಿಸುವ ಹೊಣೆ ನನ್ನ ಪಾಲಿಗೆ ಬಂತು.

ಈ ಸೀಮೆಯ ನೆನಪಿನ ಶಕ್ತಿ ಎಂಥದೆಂಬುದನ್ನು ತಿಳಿಯಬೇಕಾದರೆ ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿಯನ್ನು ನೆನೆಯಬೇಕು. ಅಕ್ಷರ ಕಲಿಯದ ಆಕೆಯ ಎದೆಯಲ್ಲಿ ಸಾವಿರಾರು ಪದಗಳಿದ್ದುವು. ಕೃಷ್ಣಮೂರ್ತಿ ಹನೂರರಂತಹ ವಿದ್ವಾಂಸರು ಮುಂದೆ ಕುಳಿತು ಕೇಳಿ, ಬರೆದುಕೊಂಡು, ನಾಡಿಗೆ ತಿಳಿಸಿದ್ದರಿಂದ ಆ ಹೆಸರು ಉಳಿಯಿತು. ಯಾರೂ ಮುಂದೆ ಕುಳಿತು ಕೇಳದೆ ಹೋದ ಅಜ್ಜಿಯರು ಎಷ್ಟು ಮಂದಿಯೋ!

ಚಳ್ಳಕೆರೆಯ ಬಸ್ ನಿಲ್ದಾಣಕ್ಕೆ ಹೆಚ್ಚು ದೂರವಿಲ್ಲದ ಒಂದು ಕಂಪ್ಯೂಟರ್ ಅಂಗಡಿಗೆ ಮೇಷ್ಟರೂ ನಾನೂ ಹೋದೆವು. ಅಂಗಡಿಯ ತರುಣ ಚುರುಕಾದವನು. ಗಾಜಿನ ಕಪಾಟಿನಿಂದ ಅಂಗೈಯಗಲದ ಕರಿಯ ಪೆಟ್ಟಿಗೆಗಳನ್ನು ಒಂದೊಂದಾಗಿ ತೆಗೆದಿಟ್ಟ. ಒಂದು ಟೆರಾಬೈಟು, ಎರಡು, ನಾಲ್ಕು, ಐದು.

“ಐದು ಟೆರಾ ತಗಳ್ಳಿ ಸಾರ್. ಜಿಬಿ ಲೆಕ್ಕಕ್ಕೆ ಇದೇ ಅಗ್ಗ ಬೀಳ್ತೈತೆ. ಜೀವನಪೂರ್ತಿ ತುಂಬಿದ್ರೂ ತುಂಬಲ್ಲ.”

ಅವನ ಲೆಕ್ಕ ತಪ್ಪಲ್ಲ. ದೊಡ್ಡ ಡಿಸ್ಕನ್ನು ಕೊಂಡಷ್ಟೂ ಒಂದು ಗಿಗಾಬೈಟಿಗೆ ತಗಲುವ ಬೆಲೆ ಇಳಿಯುತ್ತ ಹೋಗುತ್ತದೆ. ನಮ್ಮ ಹಣಕ್ಕೆ ಐದು ಟೆರಾಬೈಟಿನದು ಒಂದು, ಇಲ್ಲವೆ ಎರಡು ಟೆರಾಬೈಟಿನವು ಎರಡು ಬರುವಂತಿತ್ತು. ಮೇಲುನೋಟಕ್ಕೆ ಐದು ನಾಲ್ಕಕ್ಕಿಂತ ದೊಡ್ಡದು. ಮೇಷ್ಟರು ಕನ್ನಡಕವನ್ನು ಹಣೆಗೇರಿಸಿ, “ಮನೆಯಲ್ಲಿ ಎಷ್ಟು ಕಾಳಿದೆ ಎಂದು ನೋಡದೆ ಹಗೇವು ತೋಡುವವರುಂಟೆ?” ಎಂದರು. ಅಂಗಡಿಯವನಿಗೆ ನಾಳೆ ಬರುತ್ತೇವೆಂದು ಹೇಳಿ, ಎದುರಿನ ಹೋಟೆಲಿನಲ್ಲಿ ಮಂಡಕ್ಕಿ ಮೆಣಸಿನಕಾಯಿ ತರಿಸಿ, ಕಾಗದ ಪೆನ್ಸಿಲು ಹಿಡಿದು ಕುಳಿತೆವು.

ವಾಚಕರಲ್ಲಿ ಅನೇಕರ ಮನೆಯಲ್ಲಿಯೂ ಇದೇ ಪ್ರಶ್ನೆ ಏಳುವುದರಿಂದ ಆ ಲೆಕ್ಕವನ್ನು ಇಲ್ಲಿ ಕೊಟ್ಟರೆ ಬೇಸರವಾಗಲಾರದೆಂದು ನಂಬಿದ್ದೇನೆ.

ಮೊದಲು ಅಕ್ಷರ. ಕಂಪ್ಯೂಟರು ಕನ್ನಡವನ್ನು ಬರೆದಿಡುವ ಈಗಿನ ರೂಢಿಯ ಕ್ರಮದಲ್ಲಿ ಒಂದೊಂದು ಚಿಹ್ನೆಗೆ ಮೂರು ಬೈಟು. ‘ಚಳ್ಳಕೆರೆ’ ಎಂಬಲ್ಲಿ ವ್ಯಂಜನ, ಸ್ವರಚಿಹ್ನೆ, ಒತ್ತಿನ ಗುರುತು ಎಲ್ಲವನ್ನೂ ಎಣಿಸಿದರೆ ಎಂಟಾಗುತ್ತದೆ, ಎಂದರೆ 24 ಬೈಟು. ಅದೇ ಹೆಸರನ್ನು ಇಂಗ್ಲಿಷಿನಲ್ಲಿ ಬರೆದರೆ ಹತ್ತೇ ಬೈಟು. ಕನ್ನಡಕ್ಕೆ ಜಾಗ ಹೆಚ್ಚು ಬೇಕೆಂದು ಕೊರಗುವ ಕಾರಣವೇನೂ ಇಲ್ಲ. ಮುನ್ನೂರು ಪುಟದ ಒಂದು ಕಾದಂಬರಿ ಹೀಗೆ ಬರೆದಿಟ್ಟರೂ ಎರಡು ಮೆಗಾಬೈಟಿನ ಆಸುಪಾಸಿನಲ್ಲಿ ಮುಗಿಯುತ್ತದೆ. ಒಂದು ಟೆರಾಬೈಟೆಂದರೆ ಹತ್ತು ಲಕ್ಷ ಮೆಗಾಬೈಟು. ಐದು ಲಕ್ಷ ಕಾದಂಬರಿಗಳನ್ನು ಓದುವ ಪುಣ್ಯವಂತರು ಯಾರು?

ಜಾಗವನ್ನು ನುಂಗುವುದು ಅಕ್ಷರವಲ್ಲ, ಚಿತ್ರ. ಮೇಷ್ಟರ ನೋಟುಪುಸ್ತಕದ ಒಂದು ಪುಟವನ್ನು ಇಂಚಿಗೆ ಮುನ್ನೂರು ಚುಕ್ಕಿಯಂತೆ ಬಣ್ಣದಲ್ಲಿ, ಏನೂ ಅದುಮದೆ ಹಿಡಿದಿಟ್ಟರೆ 26 ಮೆಗಾಬೈಟು. ನಲವತ್ತು ಪುಸ್ತಕ, ಒಂದೊಂದರಲ್ಲಿ ಇನ್ನೂರು ಪುಟ, ಒಟ್ಟು ಎಂಟು ಸಾವಿರ ಪುಟ. ಅಂದರೆ 208 ಗಿಗಾಬೈಟು.

ಇನ್ನು ಧ್ವನಿ. ಸಂಗ್ರಹಕ್ಕೆಂದು ಧ್ವನಿಯನ್ನು ಉಳಿಸುವವರು ಒಂದು ಸೆಕೆಂಡಿಗೆ 48,000 ಸಲ ಅದನ್ನು ಅಳೆದು, ಪ್ರತಿ ಅಳತೆಗೆ ಮೂರು ಬೈಟಿನಂತೆ ಬರೆದಿಡುತ್ತಾರೆ. ಮೇಷ್ಟರ ಯಂತ್ರಕ್ಕೆ ಇದ್ದುದು ಒಂದೇ ಕಿವಿ. ಆದ್ದರಿಂದ ಗಂಟೆಗೆ ಸುಮಾರು 518 ಮೆಗಾಬೈಟು. ಒಂದೂವರೆ ಗಂಟೆಯ 112 ಕ್ಯಾಸೆಟ್ಟುಗಳು 168 ಗಂಟೆ, 87 ಗಿಗಾಬೈಟು! ಒಬ್ಬ ಮನುಷ್ಯನ ಮೂವತ್ತು ವರ್ಷಗಳ ಅಲೆದಾಟ ನನ್ನ ಲ್ಯಾಪ್‌ಟಾಪಿನೊಳಗೆ ಈಗಾಗಲೇ ಇರುವ 256 ಗಿಗಾಬೈಟಿನ ಸಣ್ಣ ಡಿಸ್ಕಿನಲ್ಲಿಯೇ ಮೂರರಲ್ಲೊಂದು ಮೂಲೆಯಲ್ಲಿ ಕುಳಿತುಬಿಡುತ್ತದೆ. ಈ ಅಂಕಿಯನ್ನು ತೋರಿಸಿದಾಗ ಮೇಷ್ಟರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಸಂತೋಷವಾಯಿತೋ ಬೇಸರವಾಯಿತೋ ತಿಳಿಯದು.

ಎಂಪಿತ್ರೀ ಎಂಬ ಕ್ರಮದಲ್ಲಿ ಅದುಮಿದರೆ ಗಂಟೆಗೆ 58 ಮೆಗಾಬೈಟು ಸಾಕಲ್ಲ ಎಂದು ಕೇಳುವವರುಂಟು. ಸಾಕು, ಕೇಳುವುದಕ್ಕೆ. ಆದರೆ ಆ ಕ್ರಮವು ನಮ್ಮ ಕಿವಿಗೆ ಮುಖ್ಯವಲ್ಲವೆಂದು ತನಗೆ ತೋರಿದ ಸ್ವರಾಂಶಗಳನ್ನು ಕಿತ್ತೆಸೆದು ಹಗುರಮಾಡುತ್ತದೆ. ಗೊಲ್ಲರ ‘ಗಣೆ’ಯನ್ನು ಕೇಳಿದವರಿಗೆ ಗೊತ್ತು: ಆ ಉದ್ದನೆಯ ಬಿದಿರ ಕೊಳಲಿನಲ್ಲಿ ಸ್ವರವೆಷ್ಟೋ ಅಷ್ಟೇ ಉಸಿರೂ ಕೇಳುತ್ತದೆ. ಅದುಮುವ ಯಂತ್ರ ಆ ಉಸಿರನ್ನೇ ಮೊದಲು ಕಸವೆಂದು ಗುಡಿಸುತ್ತದೆ. ಮೂಲವನ್ನು ಅದುಮದೆ ಇಟ್ಟು, ಹಂಚಲಿಕ್ಕೆ ಅದುಮಿದ ಪ್ರತಿ ಮಾಡಿಕೊಳ್ಳುವುದೇ ಸರಿ.

ಎಲ್ಲಕ್ಕಿಂತ ದೊಡ್ಡ ಹೊಟ್ಟೆ ವಿಡಿಯೋದ್ದು. ಈ ವರ್ಷ ಹಾಡುಗಾರರು ಇನ್ನೂ ಇರುವ ಹಟ್ಟಿಗಳಲ್ಲಿ ಅರವತ್ತು ಗಂಟೆಗಳಷ್ಟು ವಿಡಿಯೋ ತೆಗೆಯಬೇಕೆಂದು ನಮ್ಮ ಯೋಜನೆ. ಸಾಮಾನ್ಯ ಎಚ್‌ಡಿಯಲ್ಲಿ ಗಂಟೆಗೆ ಸುಮಾರು 8 ಗಿಗಾಬೈಟು. ‘ಫೋರ್ ಕೆ’ ಎಂಬ ಸೂಕ್ಷ್ಮ ಚಿತ್ರದಲ್ಲಿ ಸುಮಾರು 22. ಮೊದಲನೆಯದಾದರೆ 480 ಗಿಗಾಬೈಟು, ಎರಡನೆಯದಾದರೆ 1,320. ನಾನು ಎಚ್‌ಡಿ ಸಾಕೆಂದೆ. ಮೇಷ್ಟರು ಒಪ್ಪಲಿಲ್ಲ. ಬೀಸುವ ಪದ ಹಾಡುವಾಗ ಅಜ್ಜಿಯ ಕೈ ಬೀಸುವ ಕಲ್ಲಿನ ಗೂಟವನ್ನು ಎಲ್ಲಿ ಹಿಡಿಯುತ್ತದೆ, ಸಾಲಿನ ಕೊನೆಯಲ್ಲಿ ಎಷ್ಟು ಕಾಳು ಉದುರಿಸುತ್ತದೆ, ಇದೂ ಪದದ ಭಾಗವೇ ಎಂಬುದು ಅವರ ವಾದ. ಒಂದು ಗಂಟೆ ಚರ್ಚೆಯಾದ ಮೇಲೆ ಹತ್ತು ಗಂಟೆ ಸೂಕ್ಷ್ಮ ಚಿತ್ರ, ಐವತ್ತು ಗಂಟೆ ಎಚ್‌ಡಿ ಎಂದು ರಾಜಿಯಾಯಿತು. 220ಕ್ಕೆ 400 ಸೇರಿ 620. ಧ್ವನಿ, ಪುಟ, ವಿಡಿಯೋ ಎಲ್ಲ ಕೂಡಿದರೆ 915 ಗಿಗಾಬೈಟು.

ಹಾಗಾದರೆ ಒಂದು ಟೆರಾಬೈಟು ಸಾಕೆ? ಇಲ್ಲಿ ಕೊಳಗದ ತಕರಾರು ಬರುತ್ತದೆ. ಹಿಂದೆ ನಮ್ಮ ನಾಡಿನಲ್ಲಿ ಕೊಳಗದ ಅಳತೆ ಊರಿಂದೂರಿಗೆ ಬದಲಾಗುತ್ತಿತ್ತು. ಕೊಡುವ ಕೊಳಗ ಬೇರೆ, ಕೊಳ್ಳುವ ಕೊಳಗ ಬೇರೆ ಎಂದು ರೈತರು ಸಾಹುಕಾರರನ್ನು ಬೈಯುತ್ತಿದ್ದುದೂ ಉಂಟು. ಡಿಸ್ಕ್ ತಯಾರಿಸುವವರು ಸಾವಿರಕ್ಕೆ ಸಾವಿರವೆಂದು ಎಣಿಸಿ ‘ಒಂದು ಟೆರಾಬೈಟು’ ಎಂದು ಬರೆಯುತ್ತಾರೆ. ವಿಂಡೋಸ್ ಕಂಪ್ಯೂಟರು 1,024ರ ಕೊಳಗದಿಂದ ಅಳೆದು 931 ಎಂದು ತೋರಿಸುತ್ತದೆ. ಯಾರೂ ಕದ್ದಿಲ್ಲ, ಕೊಳಗ ಎರಡು, ಅಷ್ಟೆ. ಆದರೆ ಪೂರ್ತಿ ಎಣಿಸಿ ಕೊಂಡವನಿಗೆ ಮನೆಗೆ ಬಂದು ನೋಡಿದಾಗ ಎದೆ ಧಸಕ್ಕೆನ್ನುವುದು ಸಹಜ. ಅದೂ ಅಲ್ಲದೆ ಕತ್ತಿನವರೆಗೆ ತುಂಬಿದ ಡಿಸ್ಕು ನಿಧಾನವಾಗುತ್ತದೆ, ಮುಂದಿನ ವರ್ಷದ ಕೆಲಸಕ್ಕೆ ಎಡೆಯೂ ಇರದು. ಇರುವುದರ ಎರಡರಷ್ಟು ಕೊಳ್ಳುವುದು ಮಧ್ಯಮಮಾರ್ಗ. ನಮ್ಮ 915ಕ್ಕೆ ಎರಡು ಟೆರಾಬೈಟು ಸರಿಯಾಗಿ ಹೊಂದುತ್ತದೆ.

ಸಂಸಾರಸ್ಥರು ತಮ್ಮ ಮನೆಯ ಲೆಕ್ಕವನ್ನೂ ಹೀಗೆಯೇ ಹಾಕಬಹುದು. ಫೋನಿನಲ್ಲಿ ತೆಗೆದ ಒಂದು ಛಾಯಾಚಿತ್ರ ಮೂರು ನಾಲ್ಕು ಮೆಗಾಬೈಟು; ಹತ್ತು ಸಾವಿರ ಚಿತ್ರಗಳಾದರೂ ನಲವತ್ತು ಗಿಗಾಬೈಟು ದಾಟದು. ಮಗಳ ಮದುವೆಯ ವಿಡಿಯೋ ಮಾತ್ರ ಬೇರೆ ಎಣಿಸಬೇಕು. ಇಂತಹ ಮನೆಗೆ ಒಂದು ಟೆರಾಬೈಟು ಧಾರಾಳವಾಯಿತು.

ಡಿಸ್ಕಿನ ಜಾತಿಯ ವಿಷಯವೂ ಒಂದಿದೆ. ಹಳೆಯ ಬಗೆಯದರಲ್ಲಿ ತಟ್ಟೆಯೊಂದು ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುತ್ತದೆ. ಅದರ ಮೇಲೆ, ಕೂದಲೆಳೆಗಿಂತ ಸಾವಿರಾರು ಪಾಲು ಕಡಿಮೆಯಾದ ಎತ್ತರದಲ್ಲಿ, ಓದುವ ತಲೆ ತೇಲುತ್ತದೆ. ಓಡುತ್ತಿರುವಾಗ ಪೆಟ್ಟು ಬಿದ್ದರೆ ಅದು ತಡೆಯಲಾರದು. ಹೊಸ ಬಗೆಯದಾದ ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ; ಹಟ್ಟಿಯ ಹಾದಿಯ ಕುಲುಕಾಟಕ್ಕೆ ಅದೇ ವಾಸಿ. ಆದರೆ ಬೆಲೆ ಹೆಚ್ಚು. ಮೇಲಾಗಿ ವಿದ್ಯುತ್ತು ಕಾಣದೆ ವರ್ಷಗಟ್ಟಲೆ ಕಪಾಟಿನಲ್ಲಿದ್ದರೆ ಅದರೊಳಗಿನ ವಿದ್ಯುದಂಶ ಮೆಲ್ಲಮೆಲ್ಲನೆ ಸೋರುವ ಭಯವಿದೆ, ಸೆಖೆಯ ಊರಿನಲ್ಲಿ ಇನ್ನಷ್ಟು ಬೇಗ. ತಿರುಗಾಟಕ್ಕೆ ಎಸ್‌ಎಸ್‌ಡಿ, ಕಪಾಟಿಗೆ ತಟ್ಟೆಯ ಡಿಸ್ಕು ಎಂಬುದು ನನ್ನ ಅಭಿಪ್ರಾಯ. ಅಂತರ್ಜಾಲದ ದೂರದ ಉಗ್ರಾಣಗಳೂ ಇವೆ. ತಿಂಗಳ ಬಾಡಿಗೆ ತಪ್ಪದೆ ಕಟ್ಟುವವರಿಗೆ ಅವು ಒಳ್ಳೆಯವು. ಸಣ್ಣ ಕಾಲೇಜಿನ ಬಜೆಟ್ಟಿನಲ್ಲಿ ಪ್ರತಿ ತಿಂಗಳೂ ಮರುಕಳಿಸುವ ಖರ್ಚಿನ ಆಯುಷ್ಯ ಎಷ್ಟೆಂಬುದನ್ನು ಬಲ್ಲವರು ನಂಬಿ ಕೂರುವುದಿಲ್ಲ.

ಇಷ್ಟಾದರೂ ಐದೋ ಎರಡೆರಡೋ ಎಂಬುದು ತೀರ್ಮಾನವಾಗಿರಲಿಲ್ಲ. ಮರುದಿನ ಭಾನುವಾರ, ಅಂಗಡಿಗೆ ಅರ್ಧ ರಜ. ಮೇಷ್ಟರು, “ಬ್ರಹ್ಮಗಿರಿಗೆ ಹೋಗಿಬರೋಣ, ನಿಮಗೆ ಒಂದು ಹಳೆಯ ಹಾರ್ಡ್ ಡಿಸ್ಕ್ ತೋರಿಸುತ್ತೇನೆ” ಎಂದರು.

ಚಳ್ಳಕೆರೆಯಿಂದ ಬಳ್ಳಾರಿಯ ಹಾದಿಯಲ್ಲಿ ತಳುಕು ಸಿಗುತ್ತದೆ. ಟಿ. ಎಸ್. ವೆಂಕಣ್ಣಯ್ಯನವರ, ತ. ರಾ. ಸು. ಅವರ ಮನೆತನದ ಊರು. ಕನ್ನಡ ಎಂ. ಎ. ಮಾಡಿದವನು ಅಲ್ಲಿ ಇಳಿಯದೆ ಮುಂದೆ ಹೋಗುವುದು ಕಷ್ಟ. ಮೇಷ್ಟರು ಅವಸರಪಡಿಸಿದ್ದರಿಂದ ಬಸ್ಸಿನ ಕಿಟಕಿಯಿಂದಲೇ ನಮಸ್ಕರಿಸಿದೆ. ಅಲ್ಲಿಂದ ಮುಂದೆ ಮೊಳಕಾಲ್ಮೂರಿನ ಸೀಮೆ. ರೇಷ್ಮೆ ಸೀರೆಗೆ ಹೆಸರಾದ ಊರು ಅದು. ಬಯಲಿನಲ್ಲಿ ಬಂಡೆಯ ಗುಡ್ಡಗಳು ಯಾರೋ ತಂದು ಸುರಿದಂತೆ ಎದ್ದು ನಿಲ್ಲುತ್ತವೆ. ಅಶೋಕ ಸಿದ್ದಾಪುರದ ಬಳಿ, ಬ್ರಹ್ಮಗಿರಿಯ ಬುಡದಲ್ಲಿ ಒಂದು ದೊಡ್ಡ ಗುಂಡು. ಊರಿನವರು ಅದನ್ನು ‘ಅಕ್ಷರಗುಂಡು’ ಎನ್ನುತ್ತಾರೆ. ಈಗ ಅದರ ಮೇಲೆ ಮಾಡು ಕಟ್ಟಿ ಕಾಪಾಡಿದ್ದಾರೆ.

1892ರಲ್ಲಿ ಬಿ. ಎಲ್. ರೈಸ್ ಅವರು ಇದು ಅಶೋಕನ ಶಾಸನವೆಂದು ಲೋಕಕ್ಕೆ ತಿಳಿಸಿದರು. ಕ್ರಿಸ್ತಪೂರ್ವ 3ನೆಯ ಶತಮಾನದ್ದು. ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರನೂ ಮಹಾಮಾತ್ರರೂ ಇಸಿಲವೆಂಬ ಊರಿನ ಮಹಾಮಾತ್ರರಿಗೆ ಆರೋಗ್ಯವನ್ನು ಕೋರಿ ದೇವಾನಾಂಪ್ರಿಯನ ಆಜ್ಞೆಯನ್ನು ತಿಳಿಸುವ ಪತ್ರವಿದು. ತಂದೆತಾಯಿಗಳ ಮಾತು ಕೇಳಬೇಕು, ಪ್ರಾಣಿಗಳಲ್ಲಿ ದಯೆಯಿರಬೇಕು, ಸತ್ಯ ನುಡಿಯಬೇಕು, ಶಿಷ್ಯನು ಆಚಾರ್ಯನನ್ನು ಗೌರವಿಸಬೇಕು ಎಂಬುದು ಅದರ ಕೊನೆಯ ಭಾಗದ ಸಾರ. ಮೇಷ್ಟರುಗಳಾದ ನಮಗಿಬ್ಬರಿಗೂ ಆ ಕಡೆಯ ಮಾತಿನ ಮೇಲೆ ವಿಶೇಷ ಪ್ರೀತಿ. ಹದಿಮೂರು ಸಾಲು. ಅದನ್ನು ಕನ್ನಡ ಅಕ್ಷರಗಳಲ್ಲಿ ಕಂಪ್ಯೂಟರಿಗೆ ಹಾಕಿದರೆ ಐದು ಸಾವಿರ ಬೈಟನ್ನೂ ಮುಟ್ಟದು. 1956ರಲ್ಲಿ ಐಬಿಎಂ ಕಂಪನಿ ಹೊರತಂದ ಜಗತ್ತಿನ ಮೊದಲನೆಯ ಹಾರ್ಡ್ ಡಿಸ್ಕ್ ಯಂತ್ರದಲ್ಲಿ ಎರಡಡಿ ಅಗಲದ ಐವತ್ತು ತಟ್ಟೆಗಳಿದ್ದುವು. ತೂಕ ಒಂದು ಟನ್ನಿನಷ್ಟು. ಹಿಡಿಯುತ್ತಿದ್ದುದು ಐವತ್ತು ಲಕ್ಷ ಅಕ್ಷರ. ಇಂತಹ ಸಾವಿರ ಶಾಸನಗಳಷ್ಟೆ. ತೂಕದಲ್ಲಿ ಈ ಗುಂಡೇ ಮೇಲು, ಆಯುಷ್ಯದಲ್ಲಿಯೂ.

ಶಾಸನದ ನಡುವೆ ಒಂದು ಸಂಖ್ಯೆಯಿದೆ. ಮೇಷ್ಟರು ಅದನ್ನು ಹೇಳಿದಾಗ ನಾನು ಬೆಚ್ಚಿದೆ: 256! ಒಂದು ಬೈಟಿನಲ್ಲಿ ಅಡಗಬಲ್ಲ ಬೇರೆ ಬೇರೆ ಬೆಲೆಗಳೂ 256, ನನ್ನ ಲ್ಯಾಪ್‌ಟಾಪಿನ ಡಿಸ್ಕೂ 256. ಇದು ಬರಿಯ ಆಕಸ್ಮಿಕವೆಂದು ಬೇರೆ ಹೇಳಬೇಕಾಗಿಲ್ಲ. ಆದರೆ ಆ ಸಂಖ್ಯೆಯ ಕಥೆ ನಮ್ಮ ಕೆಲಸಕ್ಕೆ ಬೇಕಾದದ್ದು. ಹಿಂದಿನ ವಿದ್ವಾಂಸರಲ್ಲಿ ಕೆಲವರು ಅದನ್ನು ಬುದ್ಧನ ನಿರ್ವಾಣದಿಂದ ಕಳೆದ ವರ್ಷಗಳೆಂದು ತಿಳಿದರು. ಈಗ ಹೆಚ್ಚಿನವರು ಒಪ್ಪುವುದು ಅಶೋಕನು ಪ್ರವಾಸದಲ್ಲಿ ಕಳೆದ 256 ರಾತ್ರಿಗಳೆಂದು. ಅಂಕಿ ಒಂದು ಗೆರೆಯೂ ಮಾಸದೆ ಉಳಿದಿದೆ, ಅದು ಯಾವುದರ ಅಂಕಿ ಎಂಬುದೇ ಜಗಳಕ್ಕೆ ಬಿತ್ತು. ಮೇಷ್ಟರ ಕ್ಯಾಸೆಟ್ಟುಗಳ ಮೇಲೆ ‘ಅಜ್ಜಿ, 3, ರಾತ್ರಿ’ ಎಂದಿಷ್ಟೇ ಬರೆದದ್ದುಂಟು. ಯಾವ ಅಜ್ಜಿ, ಯಾವ ಹಟ್ಟಿ, ಯಾವ ವರ್ಷವೆಂಬುದು ನೋಟುಪುಸ್ತಕದಲ್ಲಿದೆ. 208 ಗಿಗಾಬೈಟು ದಂಡವೆಂದು ಪುಟಗಳನ್ನು ಬಿಟ್ಟರೆ 87 ಗಿಗಾಬೈಟಿನ ಧ್ವನಿ ಮೂಕವಾಗುತ್ತದೆ. ಪುಟಗಳ ಚಿತ್ರಕ್ಕಾಗಿ ಜಾಗ ಉಳಿಸಬೇಕೆಂಬುದು ಅಲ್ಲಿಯೇ ನಿಂತು ನಿಶ್ಚಯವಾಯಿತು.

ಕಡೆಯಲ್ಲಿ ಬರೆದವನ ಹೆಸರಿದೆ: ಚಪಡ. ‘ಲಿಪಿಕಾರ’ನೆಂಬ ಅರ್ಥದ ಮಾತನ್ನು ಮಾತ್ರ ಬ್ರಾಹ್ಮಿಯಲ್ಲಿ ಬರೆಯದೆ, ವಾಯವ್ಯ ಸೀಮೆಯಲ್ಲಿ ಬಳಕೆಯಲ್ಲಿದ್ದ, ಬಲದಿಂದ ಎಡಕ್ಕೆ ಓಡುವ ಖರೋಷ್ಠಿಯಲ್ಲಿ ಕೊರೆದಿದ್ದಾನೆ. ತನಗೆ ಇನ್ನೊಂದು ಲಿಪಿಯೂ ಬರುತ್ತದೆಂದು ತೋರಿಸಿಕೊಳ್ಳುವ ಗುಮಾಸ್ತೆಯ ಹೆಮ್ಮೆ! ಆದರೆ 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿಯ ಗುಟ್ಟನ್ನು ಬಿಡಿಸದೆ ಹೋಗಿದ್ದರೆ ಈ ಶಾಸನ ನಮಗೆ ಬರಿಯ ಗೀರುಗಳೇ ಆಗಿರುತ್ತಿತ್ತು. ಹಾಡನ್ನು ಯಾವುದೋ ಒಂದು ಕಂಪನಿಯ ತಂತ್ರಾಂಶ ಮಾತ್ರ ಓದಬಲ್ಲ ರೂಪದಲ್ಲಿಡದೆ, ಎಲ್ಲರೂ ಬಲ್ಲ ಸಾದಾ ರೂಪದಲ್ಲಿ ಇಡಬೇಕೆನ್ನುವುದು ಇದಕ್ಕೇ.

“ಇದಿಷ್ಟೇ ಅಲ್ಲ” ಎಂದು ಮೇಷ್ಟರು ಬಿಸಿಲಿನಲ್ಲಿ ಕೈನೀಡಿದರು. ಪಶ್ಚಿಮಕ್ಕೆ ಒಂದು ಮೈಲಿಯಷ್ಟು ದೂರದಲ್ಲಿ, ಸಿದ್ದಾಪುರದ ಬಂಡೆಯ ಮೇಲೆ ಇದೇ ಶಾಸನ ಮತ್ತೊಮ್ಮೆ ಇದೆ. ವಾಯವ್ಯಕ್ಕೆ ಮೂರು ಮೈಲಿಯಾಚೆ, ಜಟಾಯು ಬಿದ್ದ ಸ್ಥಳವೆಂದು ಜನ ನಂಬುವ ಜಟಿಂಗ ರಾಮೇಶ್ವರದ ಬೆಟ್ಟದ ಮೇಲೆ ಮೂರನೆಯ ಸಲ ಇದೆ. ಒಂದೇ ಪತ್ರ, ಕೂಗಳತೆಗೆ ಸ್ವಲ್ಪ ಮೇಲ್ಪಟ್ಟ ದೂರದಲ್ಲಿ, ಮೂರು ಕಡೆ!

ಮಧ್ಯಾಹ್ನದ ಮೇಲೆ ಮೆಟ್ಟಿಲು ಹತ್ತಿ ಜಟಿಂಗ ರಾಮೇಶ್ವರಕ್ಕೂ ಹೋದೆವು. ಎಪ್ಪತ್ತು ದಾಟಿದ ಮೇಷ್ಟರು ಮುಂದೆ, ನಾನು ಹಿಂದೆ. ಅಲ್ಲಿನ ಬರಹ ನಿಂತ ಬಂಡೆಯ ಮೇಲಿಲ್ಲ. ಮಲಗಿದ ಹಾಸುಬಂಡೆಯ ಮೇಲಿದೆ. ಅದಕ್ಕೆ ‘ಬಳೆಗಾರನ ಗುಂಡು’ ಎಂದು ಹೆಸರು. ಜಾತ್ರೆಯಲ್ಲಿ ಬಳೆಗಾರರು ಅಲ್ಲಿಯೇ ಅಂಗಡಿ ಹೂಡುತ್ತಿದ್ದರಂತೆ. ಮಳೆಬಿಸಿಲಿಗೂ ಮಂದಿಯ ಕಾಲಿಗೂ ಸಿಕ್ಕಿ ಅಕ್ಷರಗಳು ಬಹುಮಟ್ಟಿಗೆ ಸವೆದುಹೋಗಿವೆ. ಸಂಜೆಯ ಓರೆಬಿಸಿಲಿನಲ್ಲಿ ಬಾಗಿ ನೋಡಿದರೆ ಅಲ್ಲೊಂದು ಇಲ್ಲೊಂದು ಅಕ್ಷರ ಏಳುತ್ತದೆ, ಮತ್ತೆ ಮುಳುಗುತ್ತದೆ. ಅಶೋಕನ ಅಧಿಕಾರಿಗಳು ಈ ಒಂದೇ ಬಂಡೆಯನ್ನು ನೆಚ್ಚಿ, “ಎಷ್ಟು ವಿಶಾಲವಾಗಿದೆ, ಇನ್ನೂ ನೂರು ಆಜ್ಞೆ ಹಿಡಿಸುತ್ತದೆ” ಎಂದು ಸಂತೋಷಪಟ್ಟು ಸುಮ್ಮನಾಗಿದ್ದರೆ, ಇಸಿಲದ ಮಾತು ನಮಗೆ ತಲಪುತ್ತಿತ್ತೆ? ಇಲ್ಲಿ ಅಳಿದದ್ದನ್ನು ಬ್ರಹ್ಮಗಿರಿಯ ಪ್ರತಿಯೊಡನೆ ಹೋಲಿಸಿ ವಿದ್ವಾಂಸರು ತುಂಬಿಕೊಂಡರು. ಕೆಳಗಿಳಿಯುವಾಗ ಮೇಷ್ಟರು ಡಿಸ್ಕಿನ ಮಾತೆತ್ತಲಿಲ್ಲ. ಎತ್ತುವ ಅಗತ್ಯವೂ ಇರಲಿಲ್ಲ.

ಹಿಂತಿರುಗುವ ದಾರಿಯಲ್ಲಿ ಒಂದು ಹಟ್ಟಿಗೆ ಹೋದೆವು. ಬಹಳ ವರ್ಷಗಳ ಹಿಂದೆ ಮೇಷ್ಟರಿಗೆ ರಾತ್ರಿಯಿಡೀ ಪದ ಹೇಳಿದ್ದ ಒಬ್ಬ ಮುದುಕಿಯ ಮನೆ. ಆಕೆ ತೀರಿಹೋಗಿ ಎಷ್ಟೋ ಕಾಲವಾಯಿತು. ಆಕೆಯ ಒಂದು ಕ್ಯಾಸೆಟ್ಟನ್ನು ಹಿಂದಿನ ವಾರ ಪ್ರಯೋಗಕ್ಕೆಂದು ಇಳಿಸಿದ್ದೆ. ಲ್ಯಾಪ್‌ಟಾಪಿನಲ್ಲಿ ಅದನ್ನು ಕೇಳಿಸಿದೆ. ಮೊದಲು ಬರಿಯ ಸೊರಸೊರ ಸದ್ದು, ಒಂದು ನಾಯಿ, ಯಾರೋ ಕೆಮ್ಮಿದ್ದು. ಆಮೇಲೆ ದನಿ. ಜಗುಲಿಯ ಮೇಲಿದ್ದ ಹೆಂಗಸರು ಮಾತು ನಿಲ್ಲಿಸಿದರು. ಒಳಗಿನಿಂದ ಬಂದ ಸೊಸೆ ಕಂಬ ಹಿಡಿದು ನಿಂತು, ಎರಡನೆಯ ಸಾಲಿನಲ್ಲಿ ತಾನೂ ತುಟಿಯಾಡಿಸಿದಳು. ಕುರಿ ಹೊಡೆದುಕೊಂಡು ಆಗತಾನೆ ಬಂದಿದ್ದ ಮೊಮ್ಮಗ, ಹೆಗಲ ಕಂಬಳಿಯನ್ನೂ ಇಳಿಸದೆ ಕೇಳಿ, ಕಡೆಗೆ ಜೇಬಿನಿಂದ ಫೋನು ತೆಗೆದು, “ಇದ್ರಾಗೆ ಹಿಡಿತೈತಾ ಸಾ, ಅಜ್ಜಿ ಹೇಳಿದ್ದೆಲ್ಲ?” ಎಂದ.

ಎರಡು ದಿನ ನಾವು ಹಾಕಿದ ಲೆಕ್ಕದಲ್ಲಿ ಈ ಪ್ರಶ್ನೆಯೇ ಇರಲಿಲ್ಲ. ಆ ಅಜ್ಜಿಯ ಕ್ಯಾಸೆಟ್ಟುಗಳು ಏಳು; ಹತ್ತೂವರೆ ಗಂಟೆ. ಎಂಪಿತ್ರೀ ಮಾಡಿದರೆ ಆರುನೂರು ಮೆಗಾಬೈಟು ಚಿಲ್ಲರೆ. ಹಿಡಿಯುತ್ತದೆ ಎಂದೆ. 112 ಕ್ಯಾಸೆಟ್ಟುಗಳೂ ಹಾಗೆ ಮಾಡಿದರೆ ಹತ್ತು ಗಿಗಾಬೈಟಿನೊಳಗೆ. ಉಗುರಿನಷ್ಟಗಲದ 16 ಗಿಗಾಬೈಟಿನ ಕಾರ್ಡು ಸಾಕು.

ಮರುದಿನ ಅಂಗಡಿಯಲ್ಲಿ ಎರಡು ಟೆರಾಬೈಟಿನವು ಎರಡು ಡಿಸ್ಕುಗಳನ್ನು ಕೊಂಡೆವು. ಅಂಗಡಿಯ ತರುಣ, “ಒಂದ್ರಲ್ಲಿ ಇರೋದೇ ಇನ್ನೊಂದ್ರಾಗೂ ಹಾಕೋಕೆ ದುಡ್ಡು ದಂಡ ಅಲ್ವ ಸಾರ್?” ಎಂದ. ಮೇಷ್ಟರು ಅವನಿಗೆ ಮೂರು ಬಂಡೆಗಳ ಕಥೆ ಹೇಳಿದರು. ಅದೇ ತಾಲ್ಲೂಕಿನವನಾದರೂ ಬಳೆಗಾರನ ಗುಂಡನ್ನು ಅವನು ನೋಡಿರಲಿಲ್ಲ. ಮುಂದಿನ ಜಾತ್ರೆಗೆ ಹೋಗುತ್ತೇನೆಂದು ಹೇಳಿ, ಹಟ್ಟಿಗಾಗಿ ಕೇಳಿದ ಕಾರ್ಡಿಗೆ ಸ್ವಲ್ಪ ಬೆಲೆಯನ್ನೂ ಇಳಿಸಿದ.

ಈಗ ಒಂದು ಡಿಸ್ಕು ನಮ್ಮ ಕಾಲೇಜಿನ ಕಪಾಟಿನಲ್ಲಿದೆ. ಇನ್ನೊಂದು ಚಳ್ಳಕೆರೆಯಲ್ಲಿ ಮೇಷ್ಟರ ಮನೆಯಲ್ಲಿ, ಬೇವಿನ ಸೊಪ್ಪಿನ ನಡುವೆಯೇ. ಡಿಸ್ಕಿಗೆ ಬೇವು ಬೇಕಿಲ್ಲವೆಂದು ಎಷ್ಟು ಹೇಳಿದರೂ ಅವರು ಕೇಳುವುದಿಲ್ಲ. ಮೂರು ತಿಂಗಳಿಗೊಮ್ಮೆ ಎರಡನ್ನೂ ಓಡಿಸಿ ನೋಡುವುದೆಂದೂ, ಐದು ವರ್ಷಕ್ಕೆ ಹೊಸ ಡಿಸ್ಕಿಗೆ ಬದಲಾಯಿಸುವುದೆಂದೂ ವಿಭಾಗದ ಪುಸ್ತಕದಲ್ಲಿ ಬರೆದಿಟ್ಟಿದ್ದೇವೆ. ಮೂರನೆಯ ಪ್ರತಿ, ಅದುಮಿದ್ದು, ಹಟ್ಟಿಯಲ್ಲಿದೆ. ಇಲ್ಲಿಯವರೆಗೆ 81 ಕ್ಯಾಸೆಟ್ಟುಗಳು ಇಳಿದಿವೆ. ಉಳಿದ 31ರಲ್ಲಿ ನಾಲ್ಕರ ಸುರುಳಿ ಮೆತ್ತಿಕೊಂಡಿದೆ. ಅವನ್ನು ಬಿಡಿಸಬಲ್ಲ ಕೈಯೊಂದು ಬೆಂಗಳೂರಿನಲ್ಲಿದೆಯೆಂದು ಕೇಳಿ, ಹತ್ತಿಯಲ್ಲಿ ಸುತ್ತಿ ಕಳುಹಿಸಿದ್ದೇವೆ. ಅವುಗಳಲ್ಲಿ ಒಂದು ಆ ಅಜ್ಜಿಯ ಏಳನೆಯದು.